60ರ ವೇಗದಲ್ಲಿ ಕಾರಿನೊಳಗೆ ಗುಮ್ಮೆನ್ನುವ ಸದ್ದು, ಜತೆಗೆ ರಸ್ತೆಯ ಮೊರೆತ: ಡ್ಯಾಂಪಿಂಗ್ ಶೀಟ್ ಹಾಕಿದರೆ ಹೋಗುತ್ತಾ?

ಹ್ಯಾಚ್‌ಸವಾರ:

ನಮಸ್ಕಾರ ಎಲ್ಲರಿಗೂ. ಕಾರು ನಾಲ್ಕು ಸಿಲಿಂಡರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ಗೇರಿನ ಮ್ಯಾನ್ಯುಯಲ್, ಟೈರು 185/65 ಆರ್15, ಓಡಿರುವುದು 62 ಸಾವಿರ ಕಿ.ಮೀ. ಸದ್ದಿನದ್ದು ಎರಡು ತಕರಾರು. ಎರಡೂ ಒಂದೇನಾ, ಬೇರೆಬೇರೆನಾ ಅಂತ ತಿಳಿಯುತ್ತಿಲ್ಲ.

ಮೊದಲನೆಯದು, ಐದನೇ ಗೇರಿನಲ್ಲಿ 60ರ ಆಸುಪಾಸು, 1,800ರಿಂದ 2,100 ಆರ್‌ಪಿಎಂ ನಡುವೆ ಗುಮ್ ಅಂತ ಒಂದು ಸದ್ದು. ಸದ್ದು ಅನ್ನುವುದಕ್ಕಿಂತ ಕಿವಿ ಒತ್ತಿ ಹಿಡಿದ ಹಾಗೆ. ಮುಂದಿನವರಿಗೆ ಅಷ್ಟಿಲ್ಲ, ಹಿಂದಿನ ಸೀಟಿನವರಿಗೆ ತಲೆನೋವು ಬರುವಷ್ಟು. 2,300 ದಾಟಿದರೆ ಮಾಯ.

ಎರಡನೆಯದು, ತರಿತರಿ ರಸ್ತೆಯಲ್ಲಿ 70 ದಾಟಿದರೆ ಹಿಂದಿನಿಂದ ಒಂದೇ ಸಮನೆ ಮೊರೆತ. ನುಣುಪು ಡಾಂಬರಿಗೆ ಇಳಿದ ತಕ್ಷಣ ಅರ್ಧಕ್ಕರ್ಧ ಕಡಿಮೆ.

ಫೋನಿನ ಆ್ಯಪ್‌ನಲ್ಲಿ ನೋಡಿದರೆ ಗುಮ್ ಇದ್ದಾಗಲೂ ಇಲ್ಲದಾಗಲೂ ಹೆಚ್ಚುಕಡಿಮೆ ಅದೇ 66–67 ಡೆಸಿಬೆಲ್. ನಾಲ್ಕೂ ಬಾಗಿಲು, ಇಡೀ ಫ್ಲೋರ್, ರೂಫ್ ಎಲ್ಲಕ್ಕೂ ಬ್ಯೂಟೈಲ್ ಶೀಟ್ (ರಬ್ಬರಿನಂಥ ಅಂಟಿನ ಡ್ಯಾಂಪಿಂಗ್ ಶೀಟ್) ಅಂಟಿಸಿಬಿಡಿ ಅನ್ನುವ ಸಲಹೆ ಬಂದಿದೆ. ಅಂಟಿಸಿದರೆ ಹೋಗುತ್ತಾ? ಎಷ್ಟು ಚದರ ಮೀಟರ್ ಬೇಕಾಗುತ್ತದೆ?

ಕಂಪನಮಾಪಕ:

ಎರಡೂ ಬೇರೆಬೇರೆ ಸದ್ದು, ಎರಡಕ್ಕೂ ಮದ್ದು ಬೇರೆ. ಶೀಟ್ ತರುವ ಮೊದಲು ಅರ್ಧ ಗಂಟೆ ಪತ್ತೆ ಕೆಲಸ ಮಾಡಿ. ಇಲ್ಲದಿದ್ದರೆ ಕಾರಿನ ತೂಕ 30 ಕಿಲೋ ಏರುತ್ತದೆ, ಗುಮ್ ಇದ್ದಲ್ಲೇ ಇರುತ್ತದೆ.

ಮೊದಲು ಆ್ಯಪ್ ವಿಷಯ. ಅದು ತೋರಿಸುತ್ತಿರುವುದು ಎ ವೇಟಿಂಗ್ ಲೆಕ್ಕ. ಆ ಲೆಕ್ಕದಲ್ಲಿ 63 ಹರ್ಟ್ಸ್‌ನ ಸದ್ದಿಗೆ ಸುಮಾರು 26 ಡೆಸಿಬೆಲ್ ಕಳೆದು ತೋರಿಸುತ್ತಾರೆ. ಅಂದರೆ ಗುಮ್ ಅನ್ನು ಜರಡಿ ಹಿಡಿದು ಹೊರಗಿಟ್ಟು ಉಳಿದದ್ದನ್ನಷ್ಟೇ ಅಳೆದಂತಾಯಿತು. ಸೆಟ್ಟಿಂಗ್‌ನಲ್ಲಿ ಕೆಳ ಆವರ್ತನವನ್ನು ಹಾಗೆ ಕಳೆಯದ ಝಡ್ ಅಥವಾ ಸಿ ವೇಟಿಂಗ್ ಆರಿಸಿ, ಯಾವ ಆವರ್ತನದಲ್ಲಿ ಸದ್ದು ಎಷ್ಟು ಅಂತ ತೋರಿಸುವ ಸ್ಪೆಕ್ಟ್ರಮ್ ಗ್ರಾಫ್ ತೆರೆದು 20ರಿಂದ 500 ಹರ್ಟ್ಸ್‌ವರೆಗೆ ಮಾತ್ರ ನೋಡಿ. ಫೋನಿನ ಮೈಕು ಕೆಳ ಆವರ್ತನವನ್ನು ಸ್ವಲ್ಪ ಕತ್ತರಿಸುತ್ತದೆ. ಹಾಗಾಗಿ ಬರುವ ಡೆಸಿಬೆಲ್ ಅಂಕಿಯನ್ನು ನಂಬಬೇಡಿ, ಶಿಖರ ಎಷ್ಟು ಹರ್ಟ್ಸ್‌ನಲ್ಲಿದೆ ಅನ್ನುವುದನ್ನು ನಂಬಿ. ಮುಂಚೆ–ಆಮೇಲೆ ಹೋಲಿಸಬೇಕಾದರೆ ಅದೇ ಫೋನು, ಅದೇ ಜಾಗ, ಅದೇ ರಸ್ತೆ. ಹಿಂದಿನ ಸೀಟಿನಲ್ಲಿ ಕೂತವರು ಕಿವಿಯ ಎತ್ತರಕ್ಕೆ ಹಿಡಿಯಲಿ. ಓಡಿಸುವವರು ಫೋನು ಮುಟ್ಟುವುದು ಬೇಡ.

ಈಗ ಲೆಕ್ಕ. ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಹೊಡೆಯುತ್ತದೆ. 1,900 ಆರ್‌ಪಿಎಂ ಅಂದರೆ ಸೆಕೆಂಡಿಗೆ 31.7 ಸುತ್ತು, ಹೊಡೆತ 63 ಹರ್ಟ್ಸ್. (ಮೂರು ಸಿಲಿಂಡರ್ ಆಗಿದ್ದರೆ ಸುತ್ತಿಗೆ ಒಂದೂವರೆ ಹೊಡೆತ, ಅದೇ ಆರ್‌ಪಿಎಂಗೆ 47.5 ಹರ್ಟ್ಸ್.) ಇನ್ನೊಂದು ಕಡೆ, ಮುಂದಿನ ಗಾಜಿನಿಂದ ಡಿಕ್ಕಿ ಬಾಗಿಲಿನವರೆಗೆ ಸುಮಾರು 2.7 ಮೀಟರ್ ಉದ್ದದ ಗಾಳಿಯ ಡಬ್ಬಿ ಇದೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಆ ಉದ್ದದ ಎರಡರಷ್ಟರಿಂದ ಭಾಗಿಸಿದರೆ 63–64 ಹರ್ಟ್ಸ್ ಬರುತ್ತದೆ. ಸೀಟು, ಬಾಗುವ ತಗಡು ಎಲ್ಲ ಇರುವುದರಿಂದ ನಿಜವಾದ ಕಾರಿನಲ್ಲಿ ಇದು ಆಚೀಚೆ ಆಗುತ್ತದೆ, ಆದರೆ ಆಸುಪಾಸು ಇಲ್ಲೇ. ಇಂಜಿನ್ ಹೊಡೆತವೂ ಕ್ಯಾಬಿನ್ನಿನ ಸ್ವಂತ ಆವರ್ತನವೂ ಕೂಡಿಬಂದಾಗ ಗುಮ್. ಒತ್ತಡ ಎರಡು ತುದಿಯಲ್ಲಿ ಜಾಸ್ತಿ, ನಡುವೆ ಕಡಿಮೆ. ಹಿಂದಿನವರ ತಲೆ ತುದಿಯ ಹತ್ತಿರ ಇರುವುದರಿಂದ ಪೆಟ್ಟು ಅವರಿಗೆ. ಹಿಂದೆ ಕೂತವರು ಗುಮ್ ಬಂದಾಗ ನಿಧಾನವಾಗಿ ಮುಂದಕ್ಕೆ ಬಾಗಲಿ. ಮುಂದಿನ ಸೀಟಿನ ಬೆನ್ನಿನ ಹತ್ತಿರ ಬಂದಾಗ ಸದ್ದು ಕುಗ್ಗಿದರೆ ಇದೇ ಕಥೆ ಅಂತ ಖಾತ್ರಿ.

ಪತ್ತೆ ಮಾಡುವ ಬಗೆ ಹೇಳುತ್ತೇನೆ. ಖಾಲಿ, ನೇರ ರಸ್ತೆಯಲ್ಲಿ ಮಾಡಿ.

ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಆರ್‌ಪಿಎಂ ಅನ್ನು 1,500ರಿಂದ 2,500ರವರೆಗೆ ತೀರಾ ನಿಧಾನವಾಗಿ ಏರಿಸಿ. ಅಲ್ಲೂ ಗುಮ್ ಬಂದರೆ ಇಂಜಿನ್ ಅಥವಾ ಸೈಲೆನ್ಸರ್ ಕಡೆಯಿಂದ ನೇರವಾಗಿ ಕಾರಿನ ಬಾಡಿಯೊಳಗೆ ಹೋಗುತ್ತಿದೆ. ನಿಂತಾಗ ಇಲ್ಲ, ಎಳೆತ ಬಿದ್ದಾಗ ಮಾತ್ರ ಇದೆ ಅಂದರೆ ಇಂಜಿನ್ ಕೂರಿಸಿದ ರಬ್ಬರ್ ಮೌಂಟಿಂಗ್ ಮೇಲೆ ಮೊದಲ ಅನುಮಾನ.

ಆಮೇಲೆ ನಾಲ್ಕನೇ ಗೇರಿನಲ್ಲಿ ಅದೇ 1,900 ಹಿಡಿಯಿರಿ. ವೇಗ 60 ಇರುವುದಿಲ್ಲ, ಆದರೂ ಗುಮ್ ಬಂದರೆ ಅದು ಆರ್‌ಪಿಎಂ ಹಿಂದೆ ಹೋಗುವ ಸದ್ದು, ಚಕ್ರದ್ದಲ್ಲ. 60ರಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು ಸುಮ್ಮನೆ ಉರುಳಲು ಬಿಡಿ. ಆಗಲೂ ಇದ್ದರೆ ಟೈರು, ಬೇರಿಂಗ್, ಆಕ್ಸೆಲ್. ಇಂಜಿನ್ ಮಾತ್ರ ಆಫ್ ಮಾಡಬೇಡಿ, ಸ್ಟೀರಿಂಗ್ ಬಿಗಿಯಾಗುತ್ತದೆ, ಬ್ರೇಕಿನ ಬೂಸ್ಟರ್ ಸಹಾಯವೂ ಉಳಿಯುವುದಿಲ್ಲ.

ಇನ್ನೆರಡು ಪರೀಕ್ಷೆ ಗುಮ್ ಇರುವಾಗಲೇ. ಹಿಂದಿನ ಒಂದು ಗಾಜು 2 ಸೆಂ.ಮೀ. ಇಳಿಸಿ. ಗುಮ್ ತಟ್ಟನೆ ಸಡಿಲವಾದರೆ ಯಾವುದೋ ದೊಡ್ಡ ತಗಡು ಪಂಪಿನ ಹಾಗೆ ಒಳಗಿನ ಗಾಳಿಯನ್ನು ತಳ್ಳುತ್ತಿದೆ. ಯಾವ ತಗಡು ಅಂತ ತಿಳಿಯಲು ಹಿಂದಿನವರು ಅಂಗೈ ಅಗಲ ಮಾಡಿ ಡಿಕ್ಕಿ ಬಾಗಿಲನ್ನು ಒಳಗಿನಿಂದ ಗಟ್ಟಿಯಾಗಿ ಒತ್ತಲಿ, ಆಮೇಲೆ ರೂಫ್, ಆಮೇಲೆ ಪಕ್ಕದ ಪ್ಯಾನೆಲ್. ಹಾಗೆ ಒತ್ತಲು ಸೀಟ್ ಬೆಲ್ಟ್ ಬಿಚ್ಚುವಂತಿಲ್ಲ. ಕೈಗೆ ಎಟುಕದಿದ್ದರೆ ಗಾಡಿ ನಿಲ್ಲಿಸಿ, ಅದೇ ಆರ್‌ಪಿಎಂ ಹಿಡಿದು ಮಾಡಿ. ಹ್ಯಾಚ್‌ಬ್ಯಾಕ್‌ಗಳಲ್ಲಿ ಹತ್ತಕ್ಕೆ ಏಳೆಂಟು ಸಲ ಡಿಕ್ಕಿ ಬಾಗಿಲೇ ಸಿಕ್ಕಿಬೀಳುವುದು. ಅಂಚಿನಲ್ಲಿ ರಬ್ಬರಿನ ಮೇಲೆ ಕೂತ, ನಡುವೆ ಹಿಡಿತವಿಲ್ಲದ ಅಗಲವಾದ ತಗಡು ಅದು. ತಮಟೆಗೆ ಇದಕ್ಕಿಂತ ಬೇರೇನು ಬೇಕು.

ಟೈರುಗಾಳಿ:

ಎರಡನೇ ಸದ್ದಿನ ಬಗ್ಗೆ ಮಾತ್ರ ಬರೆಯುತ್ತೇನೆ.

ರಸ್ತೆ ಬದಲಾದ ಕೂಡಲೇ ಸದ್ದು ಬದಲಾಗುತ್ತದೆ ಅಂದಿದ್ದೀರಿ. ಹಾಗಾದರೆ ಬೇರಿಂಗ್ ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಬೇರಿಂಗ್ ಹೋದರೆ ಯಾವ ರಸ್ತೆಯಾದರೂ ಒಂದೇ ಗುಂಯ್. ಆದರೂ ಒಂದು ಸಲ ನೋಡಿಬಿಡಿ. ಖಾಲಿ ರಸ್ತೆಯಲ್ಲಿ ಸ್ಟೀರಿಂಗ್ ಅನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದರೆ ಭಾರ ಬಲಗಡೆ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಏರಿದರೆ ಬಲಗಡೆ ಬೇರಿಂಗ್ ಮೇಲೆ ಅನುಮಾನ. ಇನ್ನೂ ಖಚಿತ ಬೇಕಿದ್ದರೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತ ಇನ್ನೊಂದು ಕೈ ಕಾಯಿಲ್ ಸ್ಪ್ರಿಂಗ್ ಮೇಲೆ ಇಡಿ. ಬೇರಿಂಗ್ ಒರಟಾಗಿದ್ದರೆ ಕಿವಿಗೆ ಕೇಳುವ ಮೊದಲೇ ಸ್ಪ್ರಿಂಗಿನಲ್ಲಿ ಕೈಗೆ ಸಣ್ಣ ನಡುಕ ಸಿಗುತ್ತದೆ.

ಟೈರಿಗೆ ಬಂದರೆ, ಹಿಂದಿನ ಟೈರುಗಳ ಒಳ ಅಂಚಿನ ಬ್ಲಾಕುಗಳ ಮೇಲೆ ಅಂಗೈ ಇಟ್ಟು ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದ ಹಲ್ಲಿನಂತೆ ತಡೆದರೆ ಬ್ಲಾಕುಗಳು ಓರೆಯಾಗಿ ಸವೆದಿವೆ ಎಂದರ್ಥ. ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಹಿಂದಿನ ಟೈರಿಗೆ ಎಳೆತದ ಕೆಲಸ ಇಲ್ಲ, ಭಾರವೂ ಕಡಿಮೆ, ಹಾಗಾಗಿ ಈ ಸವೆತ ಅಲ್ಲೇ ಜಾಸ್ತಿ. ಟೋ ಅಲೈನ್‌ಮೆಂಟ್ (ಚಕ್ರ ನೇರ ಮುಂದಕ್ಕೆ ನೋಡುವ ಹೊಂದಾಣಿಕೆ) ತಪ್ಪಿದ್ದರೆ, ಶಾಕ್ ಅಬ್ಸಾರ್ಬರ್ ಸೋತಿದ್ದರೆ, ಟೈರುಗಳನ್ನು ಅದಲುಬದಲು ಮಾಡದೆ ಬಿಟ್ಟಿದ್ದರೆ ಇನ್ನೂ ಬೇಗ. ಇಲ್ಲಿ ಒಂದು ಮಾತು: ಅಲೈನ್‌ಮೆಂಟ್ ಮಾಡಿಸಿದ ಮರುದಿನವೇ ಸದ್ದು ನಿಲ್ಲುವುದಿಲ್ಲ. ಹಲ್ಲು ಆಗಲೇ ಮೂಡಿರುತ್ತದಲ್ಲ, ಅದು ಸವೆಯಬೇಕು. ಆ ಟೈರುಗಳನ್ನು ಮುಂದಕ್ಕೆ ಹಾಕಿದರೆ ಕೆಲವು ಸಾವಿರ ಕಿ.ಮೀ.ಗಳಲ್ಲಿ ಹಲ್ಲು ತಗ್ಗುತ್ತದೆ, ಅಲ್ಲಿಯವರೆಗೆ ಸದ್ದು ಮುಂದಿನಿಂದ ಬರುತ್ತದೆ. ಆಳವಾಗಿ ಕೊರೆದಿದ್ದರೆ ಟೈರು ಬದಲಿಸುವುದೇ ದಾರಿ. ಇನ್ನು ಮುಂದೆ 8ರಿಂದ 10 ಸಾವಿರ ಕಿ.ಮೀ.ಗೊಮ್ಮೆ ಅದಲುಬದಲು ಮಾಡಿ. ದಿಕ್ಕಿನ ಬಾಣ ಇರುವ ಟೈರಾದರೆ ಅದೇ ಪಕ್ಕದಲ್ಲಿ ಹಿಂದು–ಮುಂದು ಮಾತ್ರ.

ಗಾಳಿ ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಇರುವಷ್ಟೇ, ಟೈರು ತಣ್ಣಗಿರುವಾಗ. ನಾಲ್ಕೈದು ಪಿಎಸ್‌ಐ ಹೆಚ್ಚಿದ್ದರೂ ತರಿ ರಸ್ತೆಯ ಹೊಡೆತ ಗಟ್ಟಿಯಾಗಿ ಒಳಗೆ ಬರುತ್ತದೆ. ಸದ್ದು ಕಡಿಮೆ ಆಗಲಿ ಅಂತ ಚೀಟಿಗಿಂತ ಇಳಿಸುವುದೂ ಬೇಡ. ಅಂಚು ಸವೆಯುತ್ತದೆ, ಟೈರು ಕಾಯುತ್ತದೆ.

ಸ್ಪೆಕ್ಟ್ರಮ್ ನೋಡುವಾಗ 215–220 ಹರ್ಟ್ಸ್ ಹತ್ತಿರ ಒಂದು ಚೂಪು ಶಿಖರ ಕಂಡರೆ ಗಾಬರಿಯಾಗಬೇಡಿ. ಅದು ಟೈರಿನೊಳಗಿನ ಗಾಳಿಯ ಸ್ವಂತ ಆವರ್ತನ. ನಿಮ್ಮ ಅಳತೆಯ ಟೈರಿನ ಒಳಗೆ ಗಾಳಿಯ ಉಂಗುರದ ಸುತ್ತಳತೆ ಸರಾಸರಿ 1.57 ಮೀಟರ್, 343 ಅನ್ನು ಅದರಿಂದ ಭಾಗಿಸಿದರೆ 218. ರಸ್ತೆಯ ಜೋಡಣೆ ದಾಟಿದಾಗ ಟಂಯ್ ಅಂತ ಕೇಳುವುದು ಇದೇ. ಇದು ಆಕ್ಸೆಲ್, ಸಸ್ಪೆನ್ಷನ್ ಮೂಲಕ ಲೋಹದಲ್ಲೇ ಹರಿದು ಬರುವುದರಿಂದ ಮ್ಯಾಟು, ಕಾರ್ಪೆಟ್ಟಿಗೆ ಬಗ್ಗುವುದಿಲ್ಲ. ಒಳಗೆ ಪಾಲಿಯುರೆಥೇನ್ ಫೋಮ್ ಅಂಟಿಸಿದ ಟೈರುಗಳು ಬರುವುದು ಈ ಒಂದು ಶಿಖರವನ್ನು ಕತ್ತರಿಸಲಿಕ್ಕೆ. ಅದರಿಂದ ಉಳಿದ ಮೊರೆತ ಹೋಗುತ್ತದೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಹೊಸ ಟೈರು ಆರಿಸುವಾಗ ಯುರೋಪಿನ ಲೇಬಲ್ ಮೇಲಿನ ಡೆಸಿಬೆಲ್ ನೋಡಿ ಮೋಸ ಹೋಗುವವರು ಬಹಳ. ಅದು ಇಂಜಿನ್ ಆಫ್ ಮಾಡಿ ಗಂಟೆಗೆ 80 ಕಿ.ಮೀ.ನಲ್ಲಿ ಉರುಳುವ ಗಾಡಿಯ ಸದ್ದನ್ನು ರಸ್ತೆ ಬದಿಯಲ್ಲಿ ನಿಂತ ಮೈಕಿನಿಂದ ಅಳೆದದ್ದು. ಒಳಗೆ ಕೂತವರಿಗೆ ಎಷ್ಟು ಕೇಳುತ್ತದೆ ಅನ್ನುವ ಲೆಕ್ಕ ಅಲ್ಲ. ನಿಮ್ಮದೇ ಮಾದರಿಯ ಕಾರಿಗೆ ಅದೇ ಟೈರು ಹಾಕಿದವರ ಅನುಭವ ಅದಕ್ಕಿಂತ ಉಪಯೋಗ.

ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೆ ಗುಮ್ ಹೋಗುತ್ತದೆ ಅನ್ನುವವರೂ ಸಿಗುತ್ತಾರೆ. 60ರ ವೇಗದಲ್ಲಿ ನಿಮ್ಮ ಚಕ್ರ ಸೆಕೆಂಡಿಗೆ ಎಂಟೂವರೆ ಸುತ್ತು. ಬ್ಯಾಲೆನ್ಸ್ ತಪ್ಪಿದರೆ ಸ್ಟೀರಿಂಗ್ ನಡುಗುತ್ತದೆ, ಕಿವಿ ಒತ್ತುವುದಿಲ್ಲ.

ತಗಡುಕೆಲಸ:

ಸಾಮಾನಿನ ಬಗ್ಗೆ ನಾನು ಹೇಳುತ್ತೇನೆ, ಇಲ್ಲೇ ಎಲ್ಲರೂ ಗೊಂದಲ ಮಾಡಿಕೊಳ್ಳುವುದು. ಮೂರು ಜಾತಿಯ ಸಾಮಾನು ಇದೆ, ಮೂರಕ್ಕೂ ಕೆಲಸ ಬೇರೆ.

ಬ್ಯೂಟೈಲ್ ಶೀಟು ಸದ್ದನ್ನು ತಡೆಯುವುದಿಲ್ಲ. ತಗಡು ನಡುಗುವುದನ್ನು ತಡೆಯುತ್ತದೆ. ಮೇಲಿನ ಅಲ್ಯೂಮಿನಿಯಂ ಹಾಳೆ ಮತ್ತು ಕೆಳಗಿನ ತಗಡಿನ ನಡುವೆ ಅಂಟು ಜಗ್ಗಾಡಿ ಕಂಪನವನ್ನು ಬಿಸಿಯಾಗಿ ಕಳೆಯುತ್ತದೆ. ಹಾಗಾಗಿ ಹಾಳೆ 0.1 ಮಿ.ಮೀ.ಗಿಂತ ತೆಳ್ಳಗಿದ್ದರೆ ಕೆಲಸ ಅರೆಬರೆ. ಒಟ್ಟು 2 ಮಿ.ಮೀ. ದಪ್ಪ ಸಾಕು, ಚದರ ಮೀಟರಿಗೆ 3ರಿಂದ 3.5 ಕಿಲೋ ತೂಗುತ್ತದೆ. ಒಂದು ಪ್ಯಾನೆಲ್ಲಿನ ನಡುಭಾಗದಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಮುಚ್ಚಿದರೆ ಸಿಗಬೇಕಾದ ಲಾಭದ ಬಹುಪಾಲು ಸಿಕ್ಕಿತು. ಅಂಚಿನಲ್ಲಿ, ಮಡಿಕೆಯ ಹತ್ತಿರ ತಗಡು ಆಗಲೇ ಬಿಗಿ, ಅಲ್ಲಿ ಅಂಟಿಸುವುದು ದಂಡ. ಡಾಂಬರು ಮೂಲದ ಅಗ್ಗದ ಶೀಟು ಬೇಡವೇ ಬೇಡ. ಬಿಸಿಲಿಗೆ ನಾರುತ್ತದೆ, ಮೇಲಿನ ಪ್ಯಾನೆಲ್ಲಿನಿಂದ ಜಾರಿ ಬೀಳುತ್ತದೆ.

ಎರಡನೆಯದು ತೂಕದ ವಿನೈಲ್, ಚದರ ಮೀಟರಿಗೆ 5 ಕಿಲೋ ಬರುವ ಬಗ್ಗುವ ಹಾಳೆ. ಗಾಳಿಯಲ್ಲಿ ಬರುವ ಸದ್ದಿಗೆ ಅಡ್ಡಗೋಡೆ ಇದು. ತೂಕ ಎರಡರಷ್ಟಾದರೆ ತಡೆ ಸುಮಾರು 6 ಡೆಸಿಬೆಲ್ ಏರುತ್ತದೆ, ಆವರ್ತನ ಅರ್ಧವಾದರೆ ಅಷ್ಟೇ ಇಳಿಯುತ್ತದೆ. ಆದ್ದರಿಂದ 63 ಹರ್ಟ್ಸ್‌ಗೆ ಇದರಿಂದ ಹೆಚ್ಚೇನೂ ಆಗದು, ಟೈರಿನ 500 ಹರ್ಟ್ಸ್ ಮೇಲಿನ ಮೊರೆತಕ್ಕೆ ಆಗುತ್ತದೆ. ತಗಡಿಗೆ ನೇರ ಅಂಟಿಸಬಾರದು. ನಡುವೆ 5 ಮಿ.ಮೀ. ಮುಚ್ಚಿದ ಕೋಶದ ಫೋಮ್ ಇರಬೇಕು, ಜೋಡಣೆಗಳಿಗೆ ಟೇಪು ಬೀಳಬೇಕು. ನೂರರಲ್ಲಿ ಒಂದು ಪಾಲು ಜಾಗ ತೆರೆದಿದ್ದರೂ ಸಾಕು, ನೀವು ಎಷ್ಟೇ ದಪ್ಪ ಹಾಸಿದರೂ ತಡೆ 20 ಡೆಸಿಬೆಲ್ ದಾಟುವುದಿಲ್ಲ. ಅದಕ್ಕೇ ವಿನೈಲ್ ಹಾಸುವ ಮೊದಲು ತೂತು ಹುಡುಕಬೇಕು. ಕತ್ತಲಲ್ಲಿ ಒಬ್ಬರು ಬಾನೆಟ್ ಎತ್ತಿ ಫೈರ್‌ವಾಲ್ (ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡು) ಮೇಲೆ, ಆಮೇಲೆ ಗಾಡಿಯ ಅಡಿಯಿಂದ ಟಾರ್ಚ್ ಬಿಡಲಿ, ಇನ್ನೊಬ್ಬರು ಮ್ಯಾಟು ಎತ್ತಿ ಒಳಗಿನಿಂದ ನೋಡಲಿ. ವೈರು, ಕೇಬಲ್ ಹೋಗುವ ಕಡೆ ರಬ್ಬರ್ ಗ್ರಾಮೆಟ್ ಜಾರಿ ಬೆಳಕು ಕಂಡರೆ ಅಲ್ಲಿಂದಲೇ ಸದ್ದೂ ಬರುತ್ತಿದೆ.

ಮೂರನೆಯದು ಫೆಲ್ಟ್, ಪಾಲಿಯೆಸ್ಟರ್ ಹತ್ತಿ, ತೆರೆದ ಕೋಶದ ಫೋಮ್. ಒಳಗೆ ಸೇರಿದ ಸದ್ದನ್ನು ಹೀರಲಿಕ್ಕೆ. 63 ಹರ್ಟ್ಸ್‌ನ ಅಲೆ 5.4 ಮೀಟರ್ ಉದ್ದ. ಅದನ್ನು ಹೀರಬೇಕಾದರೆ ಫೋಮ್ ಮೀಟರಿಗೂ ಮೇಲೆ ದಪ್ಪ ಬೇಕು. ಅಂದರೆ 10 ಮಿ.ಮೀ. ಫೋಮ್ ಹಾಕಿ ಗುಮ್ ಹೋಗುತ್ತದೆ ಅನ್ನುವ ಜಾಹೀರಾತು ಓದಿ ಪಕ್ಕಕ್ಕಿಡಿ. ಡಿಕ್ಕಿಯ ಪಕ್ಕದ ಪೊಳ್ಳುಗಳಲ್ಲಿ, ಹಿಂದಿನ ಚಕ್ರದ ಕಮಾನಿನ ಮೇಲೆ ಫೆಲ್ಟ್ ತುಂಬಿದರೆ ಟೈರಿನ ಮೊರೆತ ಕಡಿಮೆಯಾಗುತ್ತದೆ, ಅದು ನಿಜ. ನೀರು ಕುಡಿಯದ ಜಾತಿ ಆರಿಸಿ. ಬಾಗಿಲಿನ ಒಳಗೆ ನೀರು ಹೀರುವ ಫೋಮ್ ಹಾಕಿದರೆ ಒಳಗಿನಿಂದ ತುಕ್ಕು ಶುರು.

ಬಾಗಿಲಿಗೆ ಹಾಕುವುದು ತಪ್ಪಲ್ಲ. ಸ್ಪೀಕರ್ ಚೆನ್ನಾಗಿ ಕೇಳುತ್ತದೆ, ಬಾಗಿಲು ಮುಚ್ಚುವ ಸದ್ದು ಡಬ್ ಅಂತ ಗಟ್ಟಿಯಾಗುತ್ತದೆ. ನಿಮ್ಮ ತಕರಾರು ಅದಲ್ಲವಲ್ಲ.

ಹ್ಯಾಚ್‌ಸವಾರ:

ಎಲ್ಲ ಪರೀಕ್ಷೆ ಮಾಡಿದೆ. ಝಡ್ ವೇಟಿಂಗ್‌ನಲ್ಲಿ 64 ಹರ್ಟ್ಸ್‌ಗೆ ಕಂಬದ ಹಾಗೆ ಶಿಖರ. ನಿಂತಾಗ 1,920ರಲ್ಲಿ ಸಣ್ಣಗೆ ಇದೆ, ಎಳೆಯುವಾಗ ಜೋರು. ನಾಲ್ಕನೇ ಗೇರಿನಲ್ಲೂ ಅದೇ ಆರ್‌ಪಿಎಂಗೆ ಬರುತ್ತದೆ. ನ್ಯೂಟ್ರಲ್‌ನಲ್ಲಿ ಉರುಳಿದರೆ ಇಲ್ಲವೇ ಇಲ್ಲ. ಗಾಜು 2 ಸೆಂ.ಮೀ. ಇಳಿಸಿದರೆ ಮುಕ್ಕಾಲು ಪಾಲು ಹೋಗುತ್ತದೆ. ಡಿಕ್ಕಿ ಬಾಗಿಲು ಒತ್ತಿದಾಗ ಸ್ಪಷ್ಟವಾಗಿ ಕಡಿಮೆ, ರೂಫ್ ಒತ್ತಿದರೆ ವ್ಯತ್ಯಾಸ ಇಲ್ಲ. ಹಿಂದಿನ ಎರಡೂ ಟೈರಿನ ಒಳ ಅಂಚು ಗರಗಸ. ಫೈರ್‌ವಾಲ್‌ನಲ್ಲಿ ಬೆಳಕು ಕಾಣಲಿಲ್ಲ. ಈಗ ಯಾವುದರಿಂದ ಶುರು ಮಾಡಲಿ?

ಕಂಪನಮಾಪಕ:

ಚಿತ್ರ ಸ್ಪಷ್ಟ ಆಯಿತು. ಇಂಜಿನ್ ಹೊಡೆಯುತ್ತಿದೆ, ಮೌಂಟಿಂಗ್ ಅಥವಾ ಸೈಲೆನ್ಸರ್ ದಾಟಿಸುತ್ತಿದೆ, ಡಿಕ್ಕಿ ಬಾಗಿಲು ದೊಡ್ಡದು ಮಾಡುತ್ತಿದೆ. ಈ ಕ್ರಮದಲ್ಲೇ ಹೋಗಿ, ಪ್ರತಿ ಹಂತ ಆದಮೇಲೆ ಅದೇ ರಸ್ತೆಯಲ್ಲಿ ಅಳೆಯಿರಿ. ಎಲ್ಲ ಒಟ್ಟಿಗೆ ಮಾಡಿದರೆ ಯಾವುದರಿಂದ ಹೋಯಿತು ಅಂತ ಗೊತ್ತಾಗದು.

ಸೈಲೆನ್ಸರ್ ಮೊದಲು, ಯಾಕೆಂದರೆ ಪುಕ್ಕಟೆ ಕೆಲಸ. ಪೂರ್ತಿ ತಣ್ಣಗಾದ ಮೇಲೆ ಹಿಂದಿನ ಕೊಳವೆ ಹಿಡಿದು ಮೇಲೆ ಕೆಳಗೆ, ಅಕ್ಕಪಕ್ಕ ಅಲ್ಲಾಡಿಸಿ. ರಬ್ಬರ್ ನೇತುಗಳ ಮೇಲೆ ಸಲೀಸಾಗಿ ತೂಗಬೇಕು, ಎಲ್ಲೂ ಟಕ್ ಅನ್ನಬಾರದು. ಬಿರುಕು ಬಿಟ್ಟ, ಉದ್ದಕ್ಕೆ ಜಗ್ಗಿದ, ಕಲ್ಲಿನಂತೆ ಗಟ್ಟಿಯಾದ ನೇತು ಇದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಪೈಪಿಗೂ ಹೀಟ್ ಶೀಲ್ಡಿಗೂ ಬಂಪರಿಗೂ ನಡುವೆ ಕನಿಷ್ಠ ಒಂದು ಬೆರಳಿನ ಸಂದು ಇರಲಿ. ತಣ್ಣಗಿದ್ದಾಗ ಸಂದು ಇದೆ ಅಂತ ನಿರಾಳ ಆಗಬೇಡಿ: 2 ಮೀಟರ್ ಉಕ್ಕಿನ ಪೈಪು 300 ಡಿಗ್ರಿ ಕಾದರೆ 7 ಮಿ.ಮೀ. ಉದ್ದವಾಗುತ್ತದೆ. ಬೆಳಗ್ಗೆ ಇಲ್ಲದ ಗುಮ್ ಇಪ್ಪತ್ತು ನಿಮಿಷ ಓಡಿದ ಮೇಲೆ ಬರುವ ಗಾಡಿಗಳಲ್ಲಿ ಕಾರಣ ಇದೇ. ತಾಗಿದ ಜಾಗದಲ್ಲಿ ಉಜ್ಜಿ ಹೊಳೆಯುವ ಗುರುತು ಇರುತ್ತದೆ, ಟಾರ್ಚ್ ಹಿಡಿದು ಹುಡುಕಿ. ಸೈಲೆನ್ಸರ್ ಎಂದಾದರೂ ಬಿಚ್ಚಿ ಹಾಕಿದ್ದರೆ ತಿರುಚಿಕೊಂಡ ಸ್ಥಿತಿಯಲ್ಲೇ ಬೋಲ್ಟ್ ಬಿಗಿದಿರುವ ಸಾಧ್ಯತೆ ಇದೆ. ಜೋಡಣೆಗಳನ್ನು ಸಡಿಲಿಸಿ, ಪೈಪು ತಾನಾಗಿ ಕೂರಲು ಬಿಟ್ಟು, ಮುಂದಿನಿಂದ ಹಿಂದಕ್ಕೆ ಬಿಗಿಯುತ್ತ ಬನ್ನಿ.

ಆಮೇಲೆ ಮೌಂಟಿಂಗ್. ಬಾನೆಟ್ ಎತ್ತಿ, ಹ್ಯಾಂಡ್‌ಬ್ರೇಕ್ ಮತ್ತು ಕಾಲಿನ ಬ್ರೇಕ್ ಎರಡೂ ಹಿಡಿದು, ಒಂದನೇ ಗೇರಿನಲ್ಲಿ ಕ್ಲಚ್ ಹಿಡಿಯುವ ಹಂತಕ್ಕೆ ಒಂದು ಕ್ಷಣ ತಂದು ಬಿಡಿ, ಆಮೇಲೆ ರಿವರ್ಸ್‌ನಲ್ಲಿ. ನೋಡುವವರು ಪಕ್ಕದಲ್ಲಿ ನಿಲ್ಲಬೇಕು, ಮುಂದೆ ಹಿಂದೆ ಯಾರೂ ಇರಕೂಡದು. ಇಂಜಿನ್ ಸ್ವಲ್ಪ ವಾಲುವುದು ಸಹಜ. ದಡಕ್ಕನೆ ಎದ್ದು ಕೂತರೆ ಇಂಜಿನ್ ವಾಲದಂತೆ ಹಿಡಿಯುವ ಕೆಳಗಿನ ಟಾರ್ಕ್ ರಾಡಿನ ರಬ್ಬರ್ ಬುಶ್ ಹೋಗಿದೆ. ಎಳೆಯುವಾಗ ಮಾತ್ರ ಜೋರಾಗುವ ಗುಮ್‌ಗೆ ನನ್ನ ಮೊದಲ ಅನುಮಾನ ಅದರ ಮೇಲೇ. ಎಣ್ಣೆ ತುಂಬಿದ ಮೌಂಟಿಂಗ್ ಆದರೆ ಕೆಳಗೆ ಕಪ್ಪು ಜಿಡ್ಡಿನ ಜಾಡು ಹುಡುಕಿ, ಸೋರಿದರೆ ಅದು ಬರೀ ರಬ್ಬರ್ ತುಂಡು. ಬದಲಿಸುವಾಗ ಕಂಪನಿ ಅಳತೆಯ ರಬ್ಬರನ್ನೇ ಹಾಕಿ. ಗಟ್ಟಿ ಪಾಲಿಯುರೆಥೇನ್ ಬುಶ್ ಹೆಚ್ಚು ದಿನ ಬಾಳುತ್ತದೆ ಅನ್ನುವುದು ಸರಿ, ಗುಮ್ ಅನ್ನು ಎರಡರಷ್ಟು ಮಾಡುವುದೂ ಅದೇ. ಕೊನೆಯ ಬಿಗಿತ ಗಾಡಿ ನಾಲ್ಕು ಚಕ್ರದ ಮೇಲೆ ನಿಂತಾಗ, ಇಂಜಿನ್ನಿನ ಭಾರ ಮೌಂಟಿಂಗ್ ಮೇಲೆ ಕೂತಾಗ.

ಡಿಕ್ಕಿ ಬಾಗಿಲಿಗೆ ಎರಡು ಕೆಲಸ. ಮೊದಲು ಅಂಚಿನ ಎರಡು ರಬ್ಬರ್ ಗುಬುಟು, ತಿರುಗಿಸಿದರೆ ಉದ್ದ ಕಡಿಮೆ–ಜಾಸ್ತಿ ಆಗುವಂಥವು. ಗುಬುಟಿನ ಮೇಲೆ ಮಕ್ಕಳು ಆಡುವ ಮೆದು ಮಣ್ಣಿನ ಚಿಕ್ಕ ಉಂಡೆ ಇಟ್ಟು ಬಾಗಿಲು ಮುಚ್ಚಿ ತೆರೆಯಿರಿ. ಕಾಗದದಷ್ಟು ತೆಳ್ಳಗೆ ಒತ್ತಿದ್ದರೆ ತಾಗುತ್ತಿದೆ, 2–3 ಮಿ.ಮೀ. ದಪ್ಪ ಉಳಿದಿದ್ದರೆ ಬಾಗಿಲು ಲಾಕ್ ಮತ್ತು ಬೀಡಿಂಗ್ (ಸುತ್ತಲಿನ ರಬ್ಬರ್ ಅಂಚು) ಮೇಲೆ ಮಾತ್ರ ತೂಗುತ್ತಿದೆ. ಎರಡೂ ಕಡೆ ಸಮನಾಗಿ ಅರ್ಧ ಸುತ್ತು, ಮತ್ತೆ ಪರೀಕ್ಷೆ, ಮತ್ತೆ ಅರ್ಧ ಸುತ್ತು. ಬಾಗಿಲು ಹೊಡೆದು ಮುಚ್ಚುವ ಹಾಗಾದರೆ ಜಾಸ್ತಿಯಾಯಿತು, ಅರ್ಧ ಸುತ್ತು ಹಿಂದಕ್ಕೆ. ಬೀಡಿಂಗ್ ಸುತ್ತಲೂ ಕಾಗದದ ಪಟ್ಟಿ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆದು ನೋಡಿ, ಎಲ್ಲ ಕಡೆ ಒಂದೇ ಬಿಗಿ ಇರಬೇಕು. ಇದಿಷ್ಟರಿಂದಲೇ ಹ್ಯಾಚ್‌ಬ್ಯಾಕ್ ಗುಮ್ ಅರ್ಧ ಇಳಿಯುವುದುಂಟು. ಶೀಟ್ ಅಂಟಿಸುವುದು ಇದಾದ ಮೇಲೆ. ಅದನ್ನು ತಗಡುಕೆಲಸ ಅವರೇ ಹೇಳಲಿ.

ಅಲ್ಲಿಯವರೆಗೆ ಒಂದು ಉಪಾಯ: 1,900ರಲ್ಲಿ ಐದನೇ ಗೇರಿನಲ್ಲಿ ಆಕ್ಸಿಲರೇಟರ್ ಅದುಮಬೇಡಿ. ನಾಲ್ಕಕ್ಕೆ ಇಳಿಸಿ, 2,300 ದಾಟಿಸಿ, ಆಮೇಲೆ ಐದು.

ತಗಡುಕೆಲಸ:

ಡಿಕ್ಕಿ ಬಾಗಿಲಿನ ಒಳ ಟ್ರಿಮ್ ತೆಗೆಯಲು ಪ್ಲಾಸ್ಟಿಕ್ ಸನಿಕೆ ಬಳಸಿ, ಕ್ಲಿಪ್ಪಿನ ಪಕ್ಕದಲ್ಲೇ ತೂರಿಸಿ ಎಬ್ಬಿಸಿ. ಚಳಿಯಲ್ಲಿ ಮಾಡಿದರೆ ಕ್ಲಿಪ್ಪು ಮುರಿಯುತ್ತವೆ, ಐದಾರು ಹೆಚ್ಚುವರಿ ಇಟ್ಟುಕೊಂಡೇ ಕೂರಿ. ಒಳಗೆ ವೈಪರ್ ಮೋಟಾರ್, ಲಾಕ್, ವೈರು ಇರುತ್ತದೆ. ಬೆರಳ ಗೆಣ್ಣಿನಿಂದ ಹೊರ ತಗಡನ್ನು ತಟ್ಟುತ್ತ ಹೋಗಿ, ಟಣ್ ಅನ್ನುವ ಜಾಗಕ್ಕೆ ಗುರುತು ಹಾಕಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡು ಸಲ ಒರೆಸಿ, ಬಟ್ಟೆ ಬಿಳಿಯಾಗಿ ಬರುವವರೆಗೆ. ಫ್ಯಾಕ್ಟರಿ ಮೇಣ ಇದ್ದರೆ ಅಂಟಿಸುವ ಜಾಗದಲ್ಲಿ ಮಾತ್ರ ತೆಗೆಯಿರಿ, ಮಡಿಕೆಯ ಒಳಗಿನ ಮೇಣ ತುಕ್ಕಿಗೆ ಕಾವಲು, ಅದು ಇರಲಿ.

ಶೀಟನ್ನು ಎ4 ಹಾಳೆಯ ಅರ್ಧದಷ್ಟು ತುಂಡು ಮಾಡಿ. ದೊಡ್ಡ ತುಂಡಿನ ಅಡಿ ಗಾಳಿಗುಳ್ಳೆ ಉಳಿಯುತ್ತದೆ, ಗುಳ್ಳೆ ಇರುವಲ್ಲಿ ಡ್ಯಾಂಪಿಂಗ್ ಸೊನ್ನೆ. ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ನಡುವಿನಿಂದ ಅಂಚಿಗೆ ಲೋಹದ ರೋಲರ್ ಬಲವಾಗಿ ಓಡಿಸಿ. ಹಾಳೆಯ ಮೇಲೆ ಉಬ್ಬಿದ ಚಿತ್ತಾರ ಇದ್ದರೆ ಅದು ಚಪ್ಪಟೆಯಾಗಬೇಕು, ಅದೇ ಗುರುತು. ಕೈಯಲ್ಲಿ ಒತ್ತಿ ಬಿಟ್ಟ ಶೀಟು ಬಿಸಿಲಿಗೆ ಎದ್ದೇಳುತ್ತದೆ. ಹಾಳೆಯ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಕೈಗವಸು ಹಾಕಿ.

ನಿಮ್ಮಂಥ ಗಾಡಿಗೆ ಡಿಕ್ಕಿ ಬಾಗಿಲಿಗೆ 0.3ರಿಂದ 0.4 ಚದರ ಮೀಟರ್ ಸಾಕು. ಅಲ್ಲಿ ಒಂದೂವರೆ ಕಿಲೋಗಿಂತ ಹೆಚ್ಚು ಏರಿಸಬೇಡಿ, ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಹಳೆಯದಾಗಿದ್ದರೆ ಬಾಗಿಲು ಅರ್ಧಕ್ಕೆ ಇಳಿದು ತಲೆಗೆ ಬಡಿಯುತ್ತದೆ. ಸ್ಟೆಪ್ನಿ ಗುಂಡಿಗೆ ಅರ್ಧ ಚದರ ಮೀಟರ್, ಹಿಂದಿನ ಎರಡು ಚಕ್ರದ ಕಮಾನಿಗೆ ಒಳಗಿನಿಂದ ಒಟ್ಟು 0.7. ಸರಿಸುಮಾರು 1.6 ಚದರ ಮೀಟರ್, ಐದು ಕಿಲೋ. ರೂಫ್ ಒತ್ತಿದರೆ ವ್ಯತ್ಯಾಸ ಇಲ್ಲ ಅಂದಿದ್ದೀರಿ, ಅಲ್ಲಿಗೆ ಹೋಗುವುದೇ ಬೇಡ. ರೂಫ್ ಲೈನಿಂಗ್ ಪಕ್ಕದಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಾದರಂತೂ ಅದು ಗೊತ್ತಿರುವವರ ಕೆಲಸ.

ಚಕ್ರದ ಕಮಾನಿನ ಬ್ಯೂಟೈಲ್ ಮೇಲೆ 10–15 ಮಿ.ಮೀ. ಫೆಲ್ಟ್ ಹಾಸಿ. ಆದರೆ ಡಿಕ್ಕಿಯ ಮೂಲೆಯಲ್ಲಿ, ಬಂಪರಿನ ಹಿಂದೆ, ರಬ್ಬರ್ ಎಲೆಗಳಿರುವ ಗಾಳಿ ಕಿಂಡಿ ಇರುತ್ತದೆ. ಅದನ್ನು ಮುಚ್ಚಿದಿರೋ, ಬಾಗಿಲು ಹಾಕುವಾಗ ಕಿವಿ ಕಟ್ಟುತ್ತದೆ, ಎಸಿ ಗಾಳಿ ಸೊರಗುತ್ತದೆ, ಗಾಜಿಗೆ ಮಂಜು ಹಿಡಿಯುತ್ತದೆ. ಬಾಗಿಲುಗಳ ಕೆಳ ಅಂಚಿನ ನೀರು ಇಳಿಯುವ ತೂತುಗಳಿಗೂ ಅಡ್ಡ ಬರಬಾರದು.

ಫ್ಲೋರ್ ಈಗ ಬೇಡ. ಟೈರು ಸರಿಮಾಡಿ, ಹಿಂಭಾಗ ಮುಗಿಸಿ, ಆಮೇಲೂ ಕಾಲಡಿಯಿಂದ ಮೊರೆತ ಬಂದರೆ ಮಾತ್ರ. ಫ್ಲೋರಿಗೆ ವಿನೈಲ್ ಅಂದರೆ 3 ಚದರ ಮೀಟರ್, 15 ಕಿಲೋ, ಸೀಟು ಬಿಚ್ಚುವ ಕೆಲಸ. ಸೀಟಿನ ಅಡಿಯ ಹಳದಿ ಕನೆಕ್ಟರ್ ಏರ್‌ಬ್ಯಾಗ್‌ನದ್ದು. ಬ್ಯಾಟರಿಯ ಮೈನಸ್ ತೆಗೆದು, ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಮುಟ್ಟಬೇಕು. ಕನೆಕ್ಟರ್ ಬಿಚ್ಚಿರುವಾಗ ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ. ಸೀಟಿನ ಬೋಲ್ಟನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು, ಅಂದಾಜು ನಡೆಯುವುದಿಲ್ಲ.

ಎರಡನೇಗೇರ್:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮೆ ಇರಲಿ. ನಾಲ್ಕು ಸಿಲಿಂಡರ್ ಗಾಡಿಗೆ ಹೊರಗಿನ ದೊಡ್ಡ ಕೊಳವೆಯ ಸೈಲೆನ್ಸರ್ ಹಾಕಿದ ಮೇಲೆ 2,800ರಲ್ಲಿ ಇದೇ ಗುಮ್. ಮೌಂಟಿಂಗ್, ನೇತು ಎಲ್ಲ ಹೊಸದು. ಶೀಟ್ ಹಾಕಬೇಕಾ?

ಕಂಪನಮಾಪಕ:

ಬೇಡ ಸಾರ್, ಹಳೆಯ ಸೈಲೆನ್ಸರ್ ಇಟ್ಟುಕೊಂಡಿದ್ದರೆ ಅದನ್ನೇ ವಾಪಸ್ ಹಾಕಿ. ಹೊಸದೇ ಇರಬೇಕು ಅಂದರೆ ಪಕ್ಕಕ್ಕೆ ಒಂದು ಮುಚ್ಚಿದ ಕೊಳವೆ ಬೆಸೆಯುವ ಪದ್ಧತಿ ಇದೆ. ಅದರ ಉದ್ದ ಆ ಅಲೆಯ ಕಾಲು ಭಾಗ. 2,800 ಆರ್‌ಪಿಎಂ ಅಂದರೆ 93 ಹರ್ಟ್ಸ್. ಕೊಳವೆಯೊಳಗಿನ ಅನಿಲ 300 ಡಿಗ್ರಿ ಇದ್ದರೆ ಶಬ್ದದ ವೇಗ ಸೆಕೆಂಡಿಗೆ 480 ಮೀಟರ್, ಉದ್ದ 1.29 ಮೀಟರ್. ಮುಚ್ಚಿದ ತುದಿ ತಣ್ಣಗಿರುವುದರಿಂದ ನಿಜವಾಗಿ ಬೇಕಾಗುವ ಉದ್ದ ಇದಕ್ಕಿಂತ ಕಡಿಮೆ. ಹಾಗಾಗಿ ಮುಚ್ಚಳವನ್ನು ಮೊದಲೇ ಬೆಸೆಯದೆ ಜಾರುವ ತುದಿ ಇಟ್ಟು, ಓಡಿಸಿ, ಶಿಖರ ಅಡಗುವ ಜಾಗ ಹುಡುಕಿ ಆಮೇಲೆ ಬೆಸೆಯಿರಿ. ಆಚೀಚೆ ಇನ್ನೂರು ಮುನ್ನೂರು ಆರ್‌ಪಿಎಂ ಮಾತ್ರ ಇದರ ವ್ಯಾಪ್ತಿ. ಗಾಡಿಯ ಅಡಿ ಅಷ್ಟು ಉದ್ದಕ್ಕೆ ಜಾಗವೂ ಬೇಕು.

ಹ್ಯಾಚ್‌ಸವಾರ:

ಸೈಲೆನ್ಸರಿನ ನಡುವಿನ ನೇತು ಒಂದು ಹರಿದಿತ್ತು, ಹೀಟ್ ಶೀಲ್ಡ್ ಮೇಲೆ ಉಜ್ಜಿದ ಗುರುತು ಸಿಕ್ಕಿತು. ನೇತು ಎಲ್ಲ ಬದಲಿಸಿ, ಡಿಕ್ಕಿ ಗುಬುಟು ಎರಡೂ ಒಂದೂವರೆ ಸುತ್ತು ಹೊರಗೆ ತಂದೆ. 64 ಹರ್ಟ್ಸ್ ಶಿಖರ 8 ಡೆಸಿಬೆಲ್ ಇಳಿದಿದೆ. ನಿಂತಾಗ ಈಗ ಇಲ್ಲ, ಎಳೆಯುವಾಗ ಇನ್ನೂ ಸ್ವಲ್ಪ ಇದೆ. ಟಾರ್ಕ್ ರಾಡ್ ಬುಶ್‌ನಲ್ಲಿ ಬಿರುಕು ಕಾಣುತ್ತಿದೆ. ಗೇರ್‌ಬಾಕ್ಸ್ ಪಕ್ಕದ ಬ್ರಾಕೆಟ್‌ನಲ್ಲಿ ಎರಡು ಖಾಲಿ ಬೋಲ್ಟ್ ತೂತು ಇವೆ, ಅಲ್ಲಿ ಏನಿರಬೇಕಿತ್ತು?

ಕಂಪನಮಾಪಕ:

ಬಿರುಕಿದ್ದ ಮೇಲೆ ಬುಶ್ ಬದಲಿಸಿ, ಶೀಟಿಗಿಂತ ಮೊದಲು.

ಖಾಲಿ ತೂತಿನ ವಿಷಯಕ್ಕೆ ನಿಮ್ಮ ಮಾದರಿಯ ಪಾರ್ಟ್ಸ್ ಚಿತ್ರ ನೋಡಿ. ಸುಮ್ಮನೆ ಬಿಟ್ಟ ತೂತೂ ಇರಬಹುದು. ಆದರೆ ಕೆಲವು ಗಾಡಿಗಳಲ್ಲಿ ಗೇರ್‌ಬಾಕ್ಸ್, ಸಬ್‌ಫ್ರೇಮ್, ಸೈಲೆನ್ಸರ್ ಮೇಲೆ ಯಾವ ಕೆಲಸಕ್ಕೂ ಬಾರದ ಹಾಗೆ ಕಾಣುವ ಒಂದು ಕಬ್ಬಿಣದ ಗಟ್ಟಿ ಇರುತ್ತದೆ, ಕೆಲವದ್ದು ರಬ್ಬರಿನಲ್ಲಿ ಕೂರಿಸಿದ್ದು. ಒಂದೇ ಆವರ್ತನವನ್ನು ಎದುರು ತೂಗಿ ಅಡಗಿಸಲಿಕ್ಕೆಂದೇ ಕಂಪನಿ ಅದನ್ನು ಹಾಕಿರುತ್ತದೆ. ಕ್ಲಚ್ ಕೆಲಸಕ್ಕೆ ಬಿಚ್ಚಿದಾಗ ಅದು ವಾಪಸ್ ಹೋಗದೆ ಉಳಿಯುವುದುಂಟು. ಚಿತ್ರದಲ್ಲಿ ಅಲ್ಲಿ ಡೈನಾಮಿಕ್ ಡ್ಯಾಂಪರ್ ಅಂತ ಇದ್ದರೆ ಅದೇ ಪಾರ್ಟ್ ನಂಬರಿನದ್ದನ್ನು ತರಿಸಿ. ಬೇರೆ ಮಾದರಿಯದ್ದು ಬೋಲ್ಟಿಗೆ ಸರಿಯಾಗಿ ಕೂತರೂ ಅದರ ತೂಕ, ರಬ್ಬರು ಬೇರೆ ಆವರ್ತನಕ್ಕೆ ಹೊಂದಿಸಿದ್ದಾಗಿರುತ್ತದೆ, 64ಕ್ಕೆ ಕೆಲಸ ಮಾಡುವುದಿಲ್ಲ.